ಹೊಸ ಬಡಾವಣೆ, ಹಳೆಯ ಹಂಬಲ: ಯುದ್ಧೋತ್ತರ ಆಸ್ಟ್ರೇಲಿಯದ ಉಪನಗರಗಳಲ್ಲಿ ವಿಹಾರ ಮತ್ತು ಸಂಸ್ಕೃತಿ

(ಅಡಿಲೇಡಿನಲ್ಲಿ ನಡೆದ ಸಂಘದ ಸಭೆಯಲ್ಲಿ ಅತಿಥಿ ಉಪನ್ಯಾಸಕರು ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಜೆಯ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನನಗೇ ಬಿಟ್ಟುಕೊಟ್ಟಿರಿ. ಹಂಪೆಯ ವೈಭವವನ್ನೋ ಹೊಯ್ಸಳ ಶಿಲ್ಪವನ್ನೋ ನಿರೀಕ್ಷಿಸಿ ಬಂದವರಿಗೆ ಕೊಂಚ ನಿರಾಶೆಯಾಗಬಹುದು. ನಾನು ಮಾತನಾಡಲು ಹೊರಟಿರುವುದು ತಮ್ಮಲ್ಲಿ ಅನೇಕರು ಕೆಲಸಕ್ಕೆ ಹೋಗುವಾಗ ಪಕ್ಕದಲ್ಲೇ ಹಾದುಹೋಗುವ, ಕೆಲವರು ವಾಸವಾಗಿಯೂ ಇರುವ ಎಲಿಜಬೆತ್ ಎಂಬ ಊರಿನ ಬಗ್ಗೆ. ಜೊತೆಗೆ ಪರ್ತ್ ಮತ್ತು ಬ್ರಿಸ್ಬೇನಿನಲ್ಲಿರುವ ಅದರ ಸೋದರ ಬಡಾವಣೆಗಳ ಬಗ್ಗೆ.

ಇದಕ್ಕೆ ಕಾರಣವನ್ನು ಹೇಳಿಬಿಡುತ್ತೇನೆ. ಹಿಂದೊಮ್ಮೆ ನಾನು ಇಂಥದೇ ಒಂದು ಬಾಡಿಗೆ ಸಭಾಂಗಣದಲ್ಲಿ ಮಕ್ಕಳ ನಾಟಕವನ್ನು ನೋಡುತ್ತಿದ್ದೆ. ಕೊನೆಯ ದೃಶ್ಯ ಇನ್ನೂ ಬಾಕಿಯಿತ್ತು. ಗಂಟೆ ಹತ್ತಾಯಿತೆಂದು ಸಭಾಂಗಣದ ಕಾವಲುಗಾರ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದ. ಕಿರೀಟ ತೊಟ್ಟ ಹುಡುಗ ಅರ್ಧ ಕತ್ತಲೆಯಲ್ಲಿ ತನ್ನ ಮಾತನ್ನು ಮುಗಿಸಿದ. ಅಂದು ಮನೆಗೆ ಹೋಗುವ ದಾರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ನಮ್ಮದೇ ಒಂದು ಕಟ್ಟಡ ಇದ್ದಿದ್ದರೆ!” ಈ ಮಾತು ತಮ್ಮ ಸಂಘದಲ್ಲಿಯೂ ಚರ್ಚೆಯಲ್ಲಿದೆ ಎಂದು ಕೇಳಿದ್ದೇನೆ. ಕಟ್ಟಡ ಬೇಕೆ, ಬೇಡವೆ ಎಂಬುದನ್ನು ನಿರ್ಧರಿಸುವ ಮೊದಲು, ಬರಿಯ ಹೊಲದಲ್ಲಿ ಊರು ಕಟ್ಟಿದವರು ವಿಹಾರ, ವಿನೋದ, ಕಲೆಗಳಿಗೆ ಹೇಗೆ ಎಡೆ ಮಾಡಿಕೊಂಡರೆಂಬುದನ್ನು ತಿಳಿಯುವುದು ನಿಷ್ಪ್ರಯೋಜಕವಾಗಲಾರದು.

ಹೊಲದಲ್ಲಿ ಎದ್ದ ಊರು

ಎರಡನೆಯ ಮಹಾಯುದ್ಧ ಮುಗಿದಾಗ ಆಸ್ಟ್ರೇಲಿಯದಲ್ಲಿ ಮನೆಗಳ ಅಭಾವ ತೀವ್ರವಾಗಿತ್ತು. ಯುದ್ಧಕಾಲದಲ್ಲಿ ಮನೆ ಕಟ್ಟುವ ಕೆಲಸ ಬಹುಪಾಲು ನಿಂತುಹೋಗಿತ್ತು. ಮರಳಿ ಬಂದ ಸೈನಿಕರು ಸಂಸಾರ ಹೂಡತೊಡಗಿದ್ದರು. ಮೇಲಾಗಿ ಸರಕಾರವೇ ಯೂರೋಪಿನಿಂದ ವಲಸೆಗಾರರನ್ನು ಕರೆತರತೊಡಗಿತ್ತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಈ ಹೊರೆಯನ್ನು ಹೊತ್ತದ್ದು 1936ರಲ್ಲಿ ಸ್ಥಾಪಿತವಾದ ಹೌಸಿಂಗ್ ಟ್ರಸ್ಟ್. 1938ರಿಂದ 1965ರವರೆಗೆ ಪ್ರೀಮಿಯರ್ ಆಗಿದ್ದ ಥಾಮಸ್ ಪ್ಲೇಫರ್ಡ್ ಅವರಿಗೆ ಕೃಷಿಪ್ರಧಾನವಾದ ತಮ್ಮ ರಾಜ್ಯವನ್ನು ಕೈಗಾರಿಕೆಯ ರಾಜ್ಯವನ್ನಾಗಿಸುವ ಹಟವಿತ್ತು. ಕಾರ್ಖಾನೆಗೆ ಕೆಲಸಗಾರರು ಬೇಕು, ಕೆಲಸಗಾರರಿಗೆ ಅಗ್ಗದ ಮನೆ ಬೇಕು. ಮನೆ ಅಗ್ಗವಾದರೆ ಕೂಲಿಯೂ ಹಿಡಿತದಲ್ಲಿರುತ್ತದೆ, ಕೂಲಿ ಹಿಡಿತದಲ್ಲಿದ್ದರೆ ಕಾರ್ಖಾನೆ ಬರುತ್ತದೆ. ಇದು ಅವರ ಲೆಕ್ಕಾಚಾರ. ಅದನ್ನು ಕಾರ್ಯರೂಪಕ್ಕೆ ತಂದವರು ಟ್ರಸ್ಟಿನ ಮುಖ್ಯಾಧಿಕಾರಿಯಾಗಿದ್ದ ಅಲೆಕ್ಸ್ ರ‍್ಯಾಮ್ಸೆ.

ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಸಾಲಿಸ್ಬರಿ ಮತ್ತು ಸ್ಮಿತ್‌ಫೀಲ್ಡ್‌ಗಳ ನಡುವೆ, ಗೋಧಿಯ ಹೊಲಗಳನ್ನು ಟ್ರಸ್ಟ್ ಕೊಂಡಿತು. ಸಾಲಿಸ್ಬರಿಯಲ್ಲಿ ಯುದ್ಧಕಾಲದ ಸ್ಫೋಟಕಗಳ ಕಾರ್ಖಾನೆಯಿತ್ತು. 1947ರ ಬಳಿಕ ಅಲ್ಲಿಯೇ ದೂರಗಾಮಿ ಅಸ್ತ್ರಗಳ ಸಂಶೋಧನಾ ಕೇಂದ್ರ ನೆಲೆಯೂರಿತು. 1955ರ ನವೆಂಬರ್ 16ರಂದು ಪ್ಲೇಫರ್ಡ್ ಅವರು ಹೊಸ ಊರನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಹಿಂದಿನ ವರ್ಷವಷ್ಟೇ ಆಸ್ಟ್ರೇಲಿಯಕ್ಕೆ ಭೇಟಿ ಕೊಟ್ಟಿದ್ದ ರಾಣಿಯ ಹೆಸರು ಊರಿಗಾಯಿತು. ಆಕೆಯ ಪತಿಯ ಹೆಸರು ಅಲ್ಲಿನ ಫಿಲಿಪ್ ಹೆದ್ದಾರಿಗಾಯಿತು.

ಊರಿನ ವಿನ್ಯಾಸದ ಹಿಂದೆ ಎರಡು ಆಲೋಚನೆಗಳಿದ್ದವು. ಒಂದು, ಇಂಗ್ಲೆಂಡಿನ ಎಬೆನೆಜರ್ ಹವರ್ಡ್ 1898ರಲ್ಲಿ ಪ್ರತಿಪಾದಿಸಿದ ಉದ್ಯಾನ ನಗರದ ಕಲ್ಪನೆ. ಇನ್ನೊಂದು, ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮಂಡಿಸಿದ ‘ನೆರೆಹೊರೆ ಘಟಕ’ದ ಕಲ್ಪನೆ. ಇದರ ಪ್ರಕಾರ ನಡುವೆ ಪ್ರಾಥಮಿಕ ಶಾಲೆ, ಹತ್ತಿರದಲ್ಲೇ ಅಂಗಡಿಸಾಲು, ಮಕ್ಕಳು ದೊಡ್ಡ ರಸ್ತೆಯನ್ನು ದಾಟದೆ ತಲುಪಬಹುದಾದ ಆಟದ ಬಯಲು, ವಾಹನಸಂಚಾರವೆಲ್ಲ ಘಟಕದ ಅಂಚಿನಲ್ಲಿ. ಎಲಿಜಬೆತ್ ಸೌತ್, ಎಲಿಜಬೆತ್ ನಾರ್ತ್, ಎಲಿಜಬೆತ್ ವೇಲ್, ಎಲಿಜಬೆತ್ ಗ್ರೋವ್ ಎಂಬ ಹೆಸರುಗಳು ಇಂಥ ಘಟಕಗಳ ಗುರುತು. ನಡುವೆ ಊರಿಗೆಲ್ಲ ಸೇರಿ ಒಂದು ಪೇಟೆ. ಕರ್ನಲ್ ವಿಲಿಯಂ ಲೈಟ್ 1837ರಲ್ಲಿ ಅಡಿಲೇಡನ್ನು ಅಳೆದು ಗೆರೆಯೆಳೆದಾಗ ಊರಿನ ಸುತ್ತ ಉದ್ಯಾನಭೂಮಿಯ ಪಟ್ಟಿಯನ್ನು ಬಿಟ್ಟಿದ್ದರಲ್ಲವೆ? ಅದರ ಮೊಮ್ಮಗುವೆಂಬಂತೆ ಎಲಿಜಬೆತ್ತಿನಲ್ಲಿಯೂ ಧಾರಾಳವಾಗಿ ಬಯಲನ್ನು ಬಿಡಲಾಯಿತು, ಮರಗಳನ್ನು ನೆಡಲಾಯಿತು.

ಆದರೆ ಒಂದು ಮಾತನ್ನು ಮರೆಯಬಾರದು. ನಕ್ಷೆಯಲ್ಲಿ ‘ಖಾಲಿ’ ಎಂದು ಕಂಡ ಆ ಬಯಲು ಖಾಲಿಯಾಗಿರಲಿಲ್ಲ. ಅದು ಗಾರ್ನ ಜನರ ನೆಲ. ಅವರ ಹಾಡು, ಕುಣಿತ, ಕೂಟಗಳು ಯಾವ ನಗರಯೋಜಕನ ಕಡತದಲ್ಲಿಯೂ ‘ಸಾಂಸ್ಕೃತಿಕ ಆಕರ್ಷಣೆ’ಯೆಂದು ದಾಖಲಾಗಲಿಲ್ಲ.

ಮನೆ ಮೊದಲು, ಮನರಂಜನೆ ಆಮೇಲೆ

ಲಂಡನ್ನಿನಲ್ಲಿಯೇ ಕಚೇರಿಯನ್ನಿಟ್ಟು ಟ್ರಸ್ಟ್ ಬ್ರಿಟಿಷ್ ಸಂಸಾರಗಳನ್ನು ಕರೆಯಿತು. ಹತ್ತು ಪೌಂಡಿನ ಪ್ರಯಾಣದರದ ಯೋಜನೆಯಲ್ಲಿ ಗ್ಲಾಸ್ಗೋ, ಬೆಲ್‌ಫಾಸ್ಟ್, ಲಿವರ್‌ಪೂಲ್‌ಗಳಂಥ ಊರುಗಳಿಂದ ಜನ ಬಂದಿಳಿದರು. ಬಂದವರಿಗೆ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಸುತ್ತ ಧೂಳು, ಸೆಕೆ, ನೊಣ. ಸಿನಿಮಾ ಮಂದಿರವಿಲ್ಲ, ನೃತ್ಯಶಾಲೆಯಿಲ್ಲ. ಮದ್ಯದಂಗಡಿಗಳೂ ಸಂಜೆ ಆರಕ್ಕೇ ಬಾಗಿಲು ಹಾಕುತ್ತಿದ್ದವು; ದಕ್ಷಿಣ ಆಸ್ಟ್ರೇಲಿಯದಲ್ಲಿ ಈ ನಿಯಮ ಸಡಿಲವಾದದ್ದು 1967ರಲ್ಲಿ, ಉಳಿದೆಲ್ಲ ರಾಜ್ಯಗಳ ಬಳಿಕ. ಕಾರ್ಖಾನೆಗೆ ಹೋಗುವ ಗಂಡಸಿಗೆ ಅಲ್ಲಿಯಾದರೂ ನಾಲ್ಕು ಜನರ ಮುಖ ಕಾಣುತ್ತಿತ್ತು. ಮನೆಯಲ್ಲಿ ಉಳಿದ ಹೆಂಗಸಿಗೆ ಬೇಲಿಯಾಚೆಯ ನೆರೆಮನೆಯಾಕೆಯೇ ಊರು, ಬಂಧುಬಳಗ ಎಲ್ಲ. ಈ ಅನುಭವ ನಮ್ಮಲ್ಲಿನ ಅನೇಕ ತಾಯಂದಿರಿಗೆ ಅಪರಿಚಿತವಲ್ಲ. ಮೊದಲ ಬಾರಿಗೆ ಈ ದೇಶಕ್ಕೆ ಬಂದು, ಗಂಡ ಕೆಲಸಕ್ಕೆ ಹೋದ ಮೇಲೆ ಕಿಟಕಿಯಲ್ಲಿ ನಿಂತು ಒಬ್ಬ ಮನುಷ್ಯರೂ ನಡೆದಾಡದ ಬೀದಿಯನ್ನು ನೋಡಿದವರು ಈ ಸಭೆಯಲ್ಲಿಯೇ ಇರಬಹುದು.

ಇನ್ನು ಊರಿಗೆ ಏನೇನು ಬಂತು, ಯಾವ ಕ್ರಮದಲ್ಲಿ ಬಂತು ಎಂಬುದನ್ನು ಗಮನಿಸಿ. ಮೊದಲು ಬಂದವು ಮನೆ, ಶಾಲೆ, ಅಂಗಡಿ. ಬೇಗನೆ ಬಂದ ಇನ್ನೊಂದು ಸಂಸ್ಥೆ ಗ್ರಂಥಾಲಯ. ಸ್ಥಳೀಯ ಗ್ರಂಥಾಲಯಗಳಿಗೆ ಸರಕಾರದ ನೆರವು ಕೊಡುವ ಕಾಯಿದೆ ದಕ್ಷಿಣ ಆಸ್ಟ್ರೇಲಿಯದಲ್ಲಿ 1955ರಲ್ಲಿ ಜಾರಿಗೆ ಬಂತು. ಅದರಡಿ ತೆರೆದ ಮೊದಮೊದಲ ಗ್ರಂಥಾಲಯಗಳಲ್ಲಿ ಎಲಿಜಬೆತ್ತಿನದೂ ಒಂದು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು ಎಂಬುದನ್ನು ಇಲ್ಲಿ ನೆನೆಯಬಹುದು. 1959ರಲ್ಲಿ ಅಡಿಲೇಡ್, ಪರ್ತ್, ಬ್ರಿಸ್ಬೇನ್ ಮೂರೂ ನಗರಗಳಿಗೆ ಟೆಲಿವಿಷನ್ ಬಂತು. ವಿನೋದ ಬೀದಿಯಿಂದ ಮನೆಯ ಹಜಾರಕ್ಕೆ ಸರಿಯಿತು. ಸಭಾಂಗಣಗಳು ಬಂದದ್ದು ಆ ಬಳಿಕ. ಆಕ್ಟಗನ್ ಎಂಬ ಎಂಟು ಮೂಲೆಯ ಸಭಾಂಗಣ ಮತ್ತು ಶೆಡ್ಲಿ ರಂಗಮಂದಿರಗಳು 1960ರ ದಶಕದ ಕೂಸುಗಳು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವೂ 1963ರಲ್ಲಿ ತೆರೆದದ್ದು. ಅಡಿಲೇಡಿನ ಕಲೋತ್ಸವ 1960ರಲ್ಲಿ ಆರಂಭವಾದದ್ದು. ಎರಡು ಖಂಡಗಳಲ್ಲಿ ಒಂದೇ ಕಾಲದಲ್ಲಿ ಸರಕಾರಗಳು ರಂಗಮಂದಿರವೂ ಜನರಿಗೆ ಒದಗಿಸಬೇಕಾದ ಸೌಕರ್ಯಗಳಲ್ಲೊಂದು ಎಂದು ಭಾವಿಸಿದ್ದುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಜನ ಸಭಾಂಗಣಕ್ಕಾಗಿ ಕಾದು ಕುಳಿತಿರಲಿಲ್ಲ. 1959ರಲ್ಲಿಯೇ ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಫುಟ್ಬಾಲ್ ಕ್ಲಬ್ ಹುಟ್ಟಿತು. 1964ರಲ್ಲಿ ಅದು ರಾಜ್ಯದ ಮುಖ್ಯ ಲೀಗನ್ನು ಪ್ರವೇಶಿಸಿತು. ಮೊದಲ ಪ್ರಶಸ್ತಿ ಯಾವಾಗ ಬಂತೆಂದು ಕೇಳಿದರೆ ತಮಗೆ ಆಶ್ಚರ್ಯವಾದೀತು: 2000ದಲ್ಲಿ. ಮೂವತ್ತಾರು ವರ್ಷ ಆ ಊರಿನ ಜನ ಶನಿವಾರ ಶನಿವಾರವೂ ಬಯಲಿಗೆ ಹೋಗಿ, ಬಹಳ ಸಲ ಸೋತು, ಮನೆಗೆ ಬಂದರು. ಬಳಿಕ 2000ದಿಂದ 2010ರವರೆಗಿನ ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಲ ಗೆದ್ದರು. ಗೆಲುವಿಗಿಂತ ನನಗೆ ಆ ಮೂವತ್ತಾರು ವರ್ಷಗಳೇ ದೊಡ್ಡದಾಗಿ ಕಾಣುತ್ತವೆ. ಗ್ಲಾಸ್ಗೋದಿಂದ ಬಂದವನ ಮಗ ಆಸ್ಟ್ರೇಲಿಯದ ಆಟವನ್ನು ಕಲಿತು ‘ಇದು ನನ್ನ ಊರು’ ಎಂದುಕೊಂಡದ್ದು ಆ ಸೋಲಿನ ವರ್ಷಗಳಲ್ಲಿಯೇ.

ಸಂಗೀತದ ಕಥೆಯೂ ಹೀಗೆಯೇ. 1964ರಲ್ಲಿ ಗ್ಲೆನ್ ಶೋರಾಕ್ ಮೊದಲಾದ ವಲಸೆ ಕುಟುಂಬಗಳ ತರುಣರು ‘ದಿ ಟ್ವೈಲೈಟ್ಸ್’ ಎಂಬ ವಾದ್ಯತಂಡವನ್ನು ಕಟ್ಟಿದರು. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಡಾಕ್ ನೀಸನ್, ಗ್ಲಾಸ್ಗೋದಲ್ಲಿ ಹುಟ್ಟಿದ ಜಿಮ್ಮಿ ಬಾರ್ನ್ಸ್ ಇಬ್ಬರೂ ಎಲಿಜಬೆತ್ತಿನಲ್ಲಿ ಬೆಳೆದು ಆಸ್ಟ್ರೇಲಿಯದ ರಾಕ್ ಸಂಗೀತದಲ್ಲಿ ಮನೆಮಾತಾದರು. ಬಾರ್ನ್ಸ್ 2016ರಲ್ಲಿ ಪ್ರಕಟಿಸಿದ ಬಾಲ್ಯದ ಆತ್ಮಕಥನದಲ್ಲಿ ಆ ಊರಿನ ಬಡತನ, ಕುಡಿತ, ಹಿಂಸೆಗಳ ಚಿತ್ರವಿದೆ. ಯೋಜಕರು ಬಿಡಿಸಿದ ಸುಂದರ ನಕ್ಷೆಯ ಜೊತೆಗೆ ಈ ಚಿತ್ರವನ್ನೂ ಇಟ್ಟು ನೋಡಬೇಕು. ಹಸಿರು ಬಯಲು ಮನೆಯೊಳಗಿನ ಸಂಕಟವನ್ನು ನಿವಾರಿಸಲಿಲ್ಲ. ಹಾಡುವುದಕ್ಕೆ ಒಂದು ವೇದಿಕೆ ಮತ್ತು ಕೇಳುವುದಕ್ಕೆ ನೂರು ಜನ ಸಿಕ್ಕಿದಾಗ ಕೆಲವು ಮಕ್ಕಳಾದರೂ ಅದರಿಂದ ಪಾರಾದರು.

ಪರ್ತ್ ಮತ್ತು ಬ್ರಿಸ್ಬೇನ್

ಪರ್ತ್‌ನಲ್ಲಿರುವ ನಮ್ಮ ಓದುಗ ಬಂಧುಗಳು ಕ್ವಿನಾನವನ್ನು ಬಲ್ಲರು. 1951ರಲ್ಲಿ ಇರಾನ್ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಿಸಿದಾಗ ಆಂಗ್ಲೋ-ಇರಾನಿಯನ್ ಕಂಪನಿಗೆ ಅಬಾದಾನಿನ ಶುದ್ಧೀಕರಣ ಕೇಂದ್ರ ಕೈತಪ್ಪಿತು. ಹೊಸ ನೆಲೆಯನ್ನು ಹುಡುಕಿದ ಕಂಪನಿ 1952ರಲ್ಲಿ ಪಶ್ಚಿಮ ಆಸ್ಟ್ರೇಲಿಯದೊಡನೆ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಕೇಂದ್ರ ಕೆಲಸವನ್ನಾರಂಭಿಸಿತು. ಕೆಲಸಗಾರರ ಊರನ್ನು ರೂಪಿಸಿದವರು ಪಶ್ಚಿಮ ಆಸ್ಟ್ರೇಲಿಯದ ಮೊದಲ ಮಹಿಳಾ ನಗರಯೋಜಕಿ ಮಾರ್ಗರೆಟ್ ಫೀಲ್ಮನ್. ಮೊದಲ ಘಟಕವಾದ ಮೆಡೀನಾದಲ್ಲಿ ಅವರು ಮರಗಳನ್ನು ಕಡಿದು ಬಯಲು ಮಾಡಿಸಲಿಲ್ಲ. ನೆಲದ ಏರಿಳಿತವನ್ನು ಅನುಸರಿಸಿ ರಸ್ತೆಗಳನ್ನು ಬಳಸಿದರು, ಕಾಡಿನ ತುಂಡುಗಳನ್ನು ಮನೆಗಳ ನಡುವೆಯೇ ಉಳಿಸಿದರು. ಅಲ್ಲಿ ವಿಹಾರಕ್ಕೆ ಬೇರೆ ಉದ್ಯಾನ ಬೇಕಿರಲಿಲ್ಲ. ಮನೆಯ ಹಿಂದಿನ ಕಾಡೇ ಮಕ್ಕಳ ಆಟದ ತಾಣ. ಮೆಡೀನಾ, ಕ್ಯಾಲಿಸ್ಟ, ಪಾರ್ಮೀಲಿಯ ಎಂಬುವು ವಲಸೆಗಾರರನ್ನು ಹೊತ್ತುತಂದ ಹಳೆಯ ಹಡಗುಗಳ ಹೆಸರುಗಳು. ತೈಲ ಶುದ್ಧೀಕರಣ 2021ರಲ್ಲಿ ನಿಂತಿತು. ಫೀಲ್ಮನ್ ಉಳಿಸಿದ ಹಸಿರು ಮಾತ್ರ ಇಂದಿಗೂ ಆ ಊರಿನ ಗುರುತು.

ಅದೇ ಪರ್ತ್‌ನ ಸಿಟಿ ಬೀಚಿನಲ್ಲಿ 1962ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಆಟಗಾರರ ಗ್ರಾಮವನ್ನು ಕಟ್ಟಿದರು; ಕೂಟ ಮುಗಿದ ಮೇಲೆ ಅವು ಸಂಸಾರಗಳ ಮನೆಗಳಾದವು. ಭಾರತ ಆ ಕೂಟದಲ್ಲಿ ಭಾಗವಹಿಸಲಿಲ್ಲ; ಆರಂಭದ ಮುನ್ನಾದಿನವಷ್ಟೇ ಹಿಮಾಲಯದಲ್ಲಿ ಚೀನದೊಡನೆ ಯುದ್ಧವಿರಾಮವಾಗಿತ್ತು. ಕೂಟದ ಮುಖ್ಯ ಕ್ರೀಡಾಂಗಣವಾಗಿದ್ದ ಪೆರಿ ಲೇಕ್ಸ್ ಈಗಿಲ್ಲ. ಆ ಜಾಗದಲ್ಲಿಯೂ ಮನೆಗಳೆದ್ದಿವೆ.

ಬ್ರಿಸ್ಬೇನಿನ ಇನಾಲಾ ಹುಟ್ಟಿದ್ದು ಮನೆಯಿಲ್ಲದ ಮಾಜಿ ಸೈನಿಕರ ಸಹಕಾರ ಸಂಘದಿಂದ. ಅದಕ್ಕೆ ಮೊದಲಿದ್ದ ಹೆಸರು ಸರ್ವಿಸ್ಟನ್. ಬಳಿಕ ಕ್ವೀನ್ಸ್‌ಲೆಂಡಿನ ವಸತಿ ಆಯೋಗ ಅದನ್ನು ಕೈಗೆತ್ತಿಕೊಂಡು ಸಾವಿರಾರು ಮನೆಗಳನ್ನು ಕಟ್ಟಿತು. ಅದೇ ನಗರದ ಚರ್ಮ್‌ಸೈಡಿನಲ್ಲಿ 1957ರ ಮೇ 30ರಂದು ಕಾರು ನಿಲ್ಲಿಸಿ ಸಾಮಾನು ಕೊಳ್ಳುವ ದೊಡ್ಡ ಅಂಗಡಿಸಮುಚ್ಚಯ ತೆರೆದಾಗ ಜನ ಜಾತ್ರೆಯಂತೆ ನೆರೆದರು. ಆಸ್ಟ್ರೇಲಿಯದಲ್ಲಿ ಅಂಥದು ಅದೇ ಮೊದಲು. ಕೊಳ್ಳುವುದೇ ಒಂದು ವಿಹಾರವಾಗುವ ಯುಗ ಅಲ್ಲಿಂದ ಮೊದಲಾಯಿತೆನ್ನಬಹುದು. ಇನಾಲಾಕ್ಕೆ ನಿಜವಾದ ಆಕರ್ಷಣೆ ಬಂದದ್ದು ಮಾತ್ರ 1975ರ ನಂತರ. ಸೈಗಾನಿನ ಪತನದ ಬಳಿಕ ನಿರಾಶ್ರಿತರಾಗಿ ಬಂದ ವಿಯೆಟ್ನಾಮಿ ಕುಟುಂಬಗಳು ಅಲ್ಲಿಯ ಸೊರಗಿದ ಅಂಗಡಿಸಾಲಿನಲ್ಲಿ ತರಕಾರಿ, ಮೀನು, ರೊಟ್ಟಿ, ನೂಡಲ್ಸ್‌ಗಳ ಮಳಿಗೆಗಳನ್ನು ತೆರೆದರು. ಇಂದು ಬ್ರಿಸ್ಬೇನಿನ ಬೇರೆ ಭಾಗಗಳ ಜನ ಊಟಕ್ಕಾಗಿಯೇ ಅಲ್ಲಿಗೆ ಹೋಗುತ್ತಾರೆ. ಅಲ್ಲಿಯ ಮೂಲನಿವಾಸಿ ತರುಣರು ಈ ಶತಮಾನದ ಆರಂಭದಲ್ಲಿ ತಮ್ಮದೇ ಹಿಪ್-ಹಾಪ್ ಸಂಗೀತೋತ್ಸವವೊಂದನ್ನು ಬೆಳೆಸಿದರು. ಇವೆರಡೂ 1950ರ ನಕ್ಷೆಯಲ್ಲಿ ಇರಲಿಲ್ಲ.

ಬೆಂಗಳೂರಿನ ಕನ್ನಡಿಯಲ್ಲಿ

ಯೋಜಿತ ಬಡಾವಣೆಯೆಂಬುದು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪಿತವಾಗಿತ್ತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಭೀತಿಯ ಹಿನ್ನೆಲೆಯಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಎಲಿಜಬೆತ್ತಿನ ಸಮಕಾಲೀನವೆಂದರೆ ಜಯನಗರ; ಅದು 1948ರಲ್ಲಿ ಆರಂಭವಾದ ಬಡಾವಣೆ. ಅಲ್ಲಿಯೂ ಬ್ಲಾಕುಗಳು, ನಡುವೆ ಅಂಗಡಿಸಮುಚ್ಚಯ, ಉದ್ಯಾನಗಳು, ನೇರ ರಸ್ತೆಗಳು.

ಆದರೂ ಒಂದು ವ್ಯತ್ಯಾಸವುಂಟು. ಬಸವನಗುಡಿಯನ್ನು ಗೆರೆಯೆಳೆದವರಿಗೆ ದೊಡ್ಡ ಬಸವಣ್ಣನ ಗುಡಿ ಮೊದಲೇ ಇತ್ತು. ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆ ಮೊದಲೇ ನಡೆಯುತ್ತಿತ್ತು. ಹೊಸ ಬೀದಿಗಳು ಹಳೆಯ ಪರಿಷೆಯನ್ನು ಸುತ್ತುವರಿದವು. ವಿಹಾರಕ್ಕೂ ಸಂಸ್ಕೃತಿಗೂ ಬೇರೆ ಸಮಿತಿ ಬೇಕಾಗಲಿಲ್ಲ. ಹೊಲದಲ್ಲಿ ಎದ್ದ ಎಲಿಜಬೆತ್ತಿನಲ್ಲಿ, ಹೊಸಬರ ಮಟ್ಟಿಗೆ, ಅಂಥ ಹಳೆಯ ಆಸರೆಯೊಂದೂ ಇರಲಿಲ್ಲ.

ಅದಕ್ಕೆ ಹೆಚ್ಚು ಹತ್ತಿರದ ಹೋಲಿಕೆಯೆಂದರೆ ನಮ್ಮ ಸಾರ್ವಜನಿಕ ಉದ್ಯಮಗಳ ಕಾಲೊನಿಗಳು. ಐ.ಟಿ.ಐ. 1948ರಲ್ಲಿ, ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಸ್ಥಾಪಿತವಾದುವು. ಜಾಲಹಳ್ಳಿಯಲ್ಲೂ ದೂರವಾಣಿನಗರದಲ್ಲೂ ಕ್ವಾರ್ಟರ್ಸುಗಳೆದ್ದವು. ಅಲ್ಲಿಗೂ ದೇಶದ ನಾನಾ ಕಡೆಗಳಿಂದ ಜನ ಬಂದರು. ಅಲ್ಲಿಯ ಕಾರ್ಮಿಕರು ಕನ್ನಡ ಸಂಘಗಳನ್ನು, ಲಲಿತಕಲಾ ಸಂಘಗಳನ್ನು ಕಟ್ಟಿದರು. ಪಾಳಿ ಮುಗಿಸಿ ಬಂದು ನಾಟಕದ ತಾಲೀಮು ಮಾಡಿದರು. ರಾಜ್ಯೋತ್ಸವವನ್ನು ಕಾರ್ಖಾನೆಯ ದೊಡ್ಡ ಹಬ್ಬವನ್ನಾಗಿ ಮಾಡಿದರು. ಇಲ್ಲಿರುವ ಹಿರಿಯರಲ್ಲಿ ಕೆಲವರು ಅಂಥ ಕಾಲೊನಿಗಳಲ್ಲಿ ಬೆಳೆದವರೇ ಆಗಿದ್ದರೆ ಆ ರಂಗಸಜ್ಜಿಕೆಯ ಬಣ್ಣದ ವಾಸನೆ ಅವರಿಗೆ ನೆನಪಿದ್ದೀತು.

ಎರಡು ಕಡೆಯ ಅಂತ್ಯವೂ ಒಂದನ್ನೊಂದು ಹೋಲುತ್ತದೆ. 1961ರಲ್ಲಿ ಗಡಿಯಾರ ತಯಾರಿಸತೊಡಗಿದ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ಎಲಿಜಬೆತ್ತಿನ ಹೋಲ್ಡನ್ ಕಾರಿನ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಮುಚ್ಚಿತು. ಅದರೊಂದಿಗೆ ಆಸ್ಟ್ರೇಲಿಯದಲ್ಲಿ ಕಾರು ತಯಾರಿಕೆಯೇ ಕೊನೆಗೊಂಡಿತು. ಕಾರ್ಖಾನೆಗಾಗಿ ಹುಟ್ಟಿದ ಊರಿನಲ್ಲಿ ಕಾರ್ಖಾನೆ ಹೋಯಿತು. ಎಲಿಜಬೆತ್ ನಗರಸಭೆಯೂ 1997ರಲ್ಲಿಯೇ ನೆರೆಯ ಮನ್ನೋ ಪಾರದೊಡನೆ ಸೇರಿ ಪ್ಲೇಫರ್ಡ್ ನಗರವಾಗಿಬಿಟ್ಟಿತ್ತು. ಉಳಿದದ್ದು ಏನು? ಫುಟ್ಬಾಲ್ ಬಯಲು, ಗ್ರಂಥಾಲಯ, ಈಜುಕೊಳ, ಫ್ರೀಮಾಂಟ್ ಉದ್ಯಾನ, ಮತ್ತು ಇಂದಿಗೂ ಹುಡುಗರಿಗೆ ವಾದ್ಯ, ಧ್ವನಿಮುದ್ರಣ ಕಲಿಸುವ ನಗರಸಭೆಯ ಸಂಗೀತ ಕೇಂದ್ರ. ದುಡಿಮೆ ತಂದ ಜನರನ್ನು ದುಡಿಮೆ ಹೋದ ಮೇಲೆ ಹಿಡಿದಿಟ್ಟದ್ದರಲ್ಲಿ ಇವುಗಳ ಪಾಲೂ ಇದೆಯೆಂದು ನನ್ನ ನಂಬಿಕೆ.

ನಮ್ಮ ಪಾಲು

ಈ ಊರುಗಳನ್ನು ಕಟ್ಟಿದಾಗ ಅವುಗಳ ಬಾಗಿಲು ನಮಗೆ ಮುಚ್ಚಿತ್ತು. 1901ರ ವಲಸೆ ನಿರ್ಬಂಧ ಕಾಯಿದೆಯಿಂದ ಬೆಳೆದ ‘ಬಿಳಿಯ ಆಸ್ಟ್ರೇಲಿಯ’ ನೀತಿ 1966ರಲ್ಲಿ ಸಡಿಲವಾಗಿ 1973ರಲ್ಲಿ ಅಂತ್ಯಗೊಂಡಿತು. ಎಲಿಜಬೆತ್ತಿನ ಮೊದಲ ಮನೆಗಳ ಬೀಗದ ಕೈ ಹಂಚುತ್ತಿದ್ದಾಗ ಬೆಂಗಳೂರಿನ ಒಬ್ಬ ಫಿಟ್ಟರನು ಎಷ್ಟೇ ನಿಪುಣನಾಗಿದ್ದರೂ ಆ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ. ಅದೇ ಉತ್ತರದ ಉಪನಗರಗಳಲ್ಲಿ ಇಂದು ಕನ್ನಡ ಮಾತನಾಡುವ ಮನೆಗಳಿವೆ, ಭೂತಾನಿನಿಂದ ಹೊರಬಿದ್ದ ನೇಪಾಳಿ ಕುಟುಂಬಗಳಿವೆ, ಆಫ್ರಿಕದಿಂದ ಬಂದವರಿದ್ದಾರೆ. ಹೀಗಾಗಿ ನಾವು ಅತಿಥಿಗಳಂತೆ ಸಂಕೋಚಪಡಬೇಕಾಗಿಲ್ಲ. ಆ ಸಭಾಂಗಣ, ಬಯಲು, ಗ್ರಂಥಾಲಯಗಳು ನಮ್ಮ ತೆರಿಗೆಯಿಂದಲೂ ನಡೆಯುತ್ತಿವೆ.

ಇನ್ನು ಕಟ್ಟಡದ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ; ತಾವು ಒಪ್ಪದಿರಬಹುದು. ಸ್ವಂತ ಕಟ್ಟಡ ಒಳ್ಳೆಯದೇ. ಆದರೆ ಅದಕ್ಕಾಗಿ ಹತ್ತು ವರ್ಷ ಹಣ ಕೂಡಿಸುತ್ತ, ಆ ಹತ್ತು ವರ್ಷ ತಾಲೀಮನ್ನೂ ಕನ್ನಡ ತರಗತಿಯನ್ನೂ ಮುಂದೂಡಿದರೆ, ಕಟ್ಟಡ ಏಳುವ ವೇಳೆಗೆ ಅದರಲ್ಲಿ ಆಡಬೇಕಾದ ಮಕ್ಕಳು ಬೆಳೆದು ದೂರ ಹೋಗಿರುತ್ತಾರೆ. ಎಲಿಜಬೆತ್ತಿನಲ್ಲಿ ಕ್ಲಬ್ಬು 1959ರಲ್ಲಿ ಹುಟ್ಟಿತು, ಸಭಾಂಗಣ ಆಮೇಲೆ ಬಂತು. ಜಾಲಹಳ್ಳಿಯಲ್ಲಿ ನಾಟಕ ಕ್ವಾರ್ಟರ್ಸಿನ ಅಂಗಳದಲ್ಲಿಯೂ ನಡೆಯಬಹುದಾಗಿತ್ತು.

ಆದುದರಿಂದ ಮೂರು ಸಣ್ಣ ಸೂಚನೆಗಳು. ಒಂದು, ವರ್ಷಕ್ಕೆರಡು ದೊಡ್ಡ ಕಾರ್ಯಕ್ರಮಗಳ ಜೊತೆಗೆ, ಜನ ಇರುವ ಕಡೆಯಲ್ಲೇ, ನಡೆದು ಬರಬಹುದಾದ ದೂರದಲ್ಲಿ, ತಿಂಗಳಿಗೊಂದು ಸಣ್ಣ ಕೂಟ ನಡೆಯಲಿ. ಪೆರಿಯ ‘ನೆರೆಹೊರೆ ಘಟಕ’ವನ್ನು ನಾವು ಹೀಗೂ ಬಳಸಬಹುದು. ಎರಡು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಕಾರು ಓಡಿಸಲಾರದೆ ಮನೆಯಲ್ಲೇ ಉಳಿಯುವ ಹಿರಿಯರನ್ನು ವಾರಕ್ಕೊಮ್ಮೆ ಗ್ರಂಥಾಲಯಕ್ಕೋ ಉದ್ಯಾನಕ್ಕೋ ಕರೆದೊಯ್ಯುವ ಸರದಿಯನ್ನು ತರುಣರು ವಹಿಸಿಕೊಳ್ಳಲಿ. ಮೂರು, ನಗರಸಭೆಯ ಗ್ರಂಥಾಲಯಕ್ಕೆ ಹೋಗಿ ಕನ್ನಡ ಪುಸ್ತಕಗಳನ್ನು ಕೇಳೋಣ. ಕೇಳುವವರಿಲ್ಲದ ಭಾಷೆಗೆ ಯಾವ ಗ್ರಂಥಪಾಲಕನೂ ಕಪಾಟಿನಲ್ಲಿ ಜಾಗ ಮಾಡುವುದಿಲ್ಲ.

ಅರ್ಧ ಕತ್ತಲೆಯಲ್ಲಿ ಮಾತು ಮುಗಿಸಿದ ಆ ಹುಡುಗನ ವಿಷಯ ಹೇಳಿದೆನಲ್ಲ. ಸಭಿಕರು ತಂತಮ್ಮ ಫೋನಿನ ಬೆಳಕನ್ನು ವೇದಿಕೆಯತ್ತ ಹಿಡಿದರು. ಕಾವಲುಗಾರನೂ ಕೊನೆಯ ದೀಪವನ್ನು ಆರಿಸದೆ ಬಾಗಿಲಲ್ಲಿ ನಿಂತು ನೋಡಿದ. ನಾಟಕ ಮುಗಿದಾಗ ಅವನೂ ಚಪ್ಪಾಳೆ ತಟ್ಟಿದ. ಆ ದಿನ ನಮಗೆ ಸ್ವಂತ ಕಟ್ಟಡವಿರಲಿಲ್ಲ, ಆದರೆ ನಾಟಕವಂತೂ ನಡೆಯಿತು.